ಅಂಗಡಿ ಬಿಟ್ಟುಕೊಡಿ ಎನ್ನುವ ಮೊದಲು

ನಿಮ್ಮ ಮನೆಯ ಮುಂದೆ, ರಸ್ತೆಗೆ ಮುಖ ಮಾಡಿದ ಒಂದೆರಡು ಅಂಗಡಿ ಕೋಣೆಗಳಿವೆಯೇ? ಇದ್ದರೆ ಈ ಮಾತು ನಿಮಗೆ ಉಪಯೋಗಕ್ಕೆ ಬಂದೀತು. ನಮ್ಮ ಕರಾವಳಿಯಲ್ಲಿ ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರು ಮನೆ ಕಟ್ಟಿ ಮುಗಿಸಿದ ಮೇಲೆ ಮಾಡುವ ಕೆಲಸವೇ ಅದು. ತಾನಿಲ್ಲದಿದ್ದರೂ ಹೆಂಡತಿ ಮಕ್ಕಳಿಗೆ ತಿಂಗಳಿಗೊಮ್ಮೆ ಬಾಡಿಗೆ ಬರಲಿ ಎಂಬ ಆಸೆ. ನನ್ನ ಪತಿಯೂ ಮಂಗಳೂರಿನ ನಮ್ಮ ಮನೆಯೆದುರು ಮೂರು ಕೋಣೆ ಕಟ್ಟಿಸಿದ್ದರು. 1998ರಲ್ಲಿ ಅವರು ತೀರಿಕೊಂಡ ಮೇಲೆ ಆ ಬಾಡಿಗೆಯಿಂದಲೇ ಮಕ್ಕಳ ಶಾಲೆಯ ಫೀಸು ಹೋಯಿತು.

ಬಾಡಿಗೆಗೆ ಕೊಡುವುದು ಸುಲಭ. ಹಿಂದೆ ಪಡೆಯುವುದು? 2012ರಲ್ಲಿ ಕಿರಿಯ ಮಗಳು ಫಿಸಿಯೋಥೆರಪಿ ಓದಿ ಮುಗಿಸಿದಳು. ಮನೆಯೆದುರೇ ಕ್ಲಿನಿಕ್ ತೆರೆದರೆ ಹೆಂಗಸರು ಸಂಕೋಚವಿಲ್ಲದೆ ಬರುತ್ತಾರೆ ಎಂಬುದು ಅವಳ ಲೆಕ್ಕ. ನಡುವಿನ ಕೋಣೆಯಲ್ಲಿದ್ದ ಹಾರ್ಡ್‌ವೇರ್ ವ್ಯಾಪಾರಿ ಹದಿನೆಂಟು ವರ್ಷದಿಂದ ಅಲ್ಲಿದ್ದವರು. ಬಾಡಿಗೆ 1,800 ರೂಪಾಯಿ. ಮೂರು ಸಲ ಕೇಳಿದೆ. ಮೊದಲ ಸಲ ನಕ್ಕರು, ಎರಡನೆಯ ಸಲ ಹಬ್ಬ ಕಳೆಯಲಿ ಎಂದರು, ಮೂರನೆಯ ಸಲ ಬಿಡಬೇಕಾದರೆ ಇಷ್ಟು ಲಕ್ಷ ಕೊಡಿ ಎಂದರು.

ಆಗ ಬಂಧುಗಳು ಕೊಟ್ಟ ಸಲಹೆಯನ್ನು ನೀವೂ ಕೇಳಿರುತ್ತೀರಿ. "ರಾತ್ರಿ ಒಂದು ಬೀಗ ಜಡಿದುಬಿಡಿ. ಕರೆಂಟ್ ಕಡಿಯಿರಿ. ತಾನಾಗಿ ಹೋಗುತ್ತಾನೆ." ಹೇಳುವವರು ಬಹಳ ಧೈರ್ಯದಿಂದ ಹೇಳುತ್ತಾರೆ, ಕೋರ್ಟಿಗೆ ಅಲೆಯುವವರು ಅವರಲ್ಲವಲ್ಲ! ದಯವಿಟ್ಟು ಆ ಕೆಲಸ ಮಾಡಬೇಡಿ. ಕಾನೂನಿನ ಕ್ರಮದಲ್ಲಲ್ಲದೆ ಹೊರದೂಡಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಅಲ್ಲಿ ಮಾಲೀಕರು ಯಾರು ಎಂಬ ಪ್ರಶ್ನೆಯೇ ಬರುವುದಿಲ್ಲ. ನಮ್ಮದೇ ಅಂಗಡಿಯ ಕೀಲಿಯನ್ನು ನಾವೇ ಕೊಂಡುಹೋಗಿ ಒಪ್ಪಿಸಿದಂತಾಗುತ್ತದೆ.

ವಕೀಲರು ನನ್ನಿಂದ ಮೊದಲು ಕೇಳಿದ್ದು ಒಂದು ಅಳತೆ. ಅಂಗಡಿ ಎಷ್ಟು ದೊಡ್ಡದು? ನನಗೆ ಆಶ್ಚರ್ಯ. ಮಗ ಟೇಪು ಹಿಡಿದು ಅಳೆದ. ಗೋಡೆಯ ದಪ್ಪವೂ ಸೇರಿ ಹನ್ನೆರಡು ಅಡಿಗೆ ಹದಿನಾಲ್ಕು ಅಡಿ. ಅಂದರೆ 168 ಚದರ ಅಡಿ, ಹದಿನೈದೂವರೆ ಚದರ ಮೀಟರಿಗಿಂತ ತುಸು ಹೆಚ್ಚು. "ಹಾಗಾದರೆ ದಾರಿ ನೇರವಾಗಿದೆ" ಎಂದರು ಅವರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಹಿರಿಯರಲ್ಲಿ ಇರುವ ಭಯ ಹಳೆಯ ಕಾನೂನಿನದು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಿದ್ದಾಗ ಅಂಗಡಿ ಬಿಡಿಸಲು ಕಾಯ್ದೆ ಹೇಳಿದ ಕಾರಣಗಳಲ್ಲಿ ಒಂದನ್ನಾದರೂ ರುಜುವಾತು ಮಾಡಬೇಕಿತ್ತು. 2001ರ ಡಿಸೆಂಬರ್ 31ರಿಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂತು. ವ್ಯಾಪಾರದ ಕಟ್ಟಡದ ತಳ ವಿಸ್ತೀರ್ಣ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ, ಮೀರಿದರೆ ಈ ಕಾಯ್ದೆಯ ರಕ್ಷಣೆ ಅದಕ್ಕಿಲ್ಲ. ಅದಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಅನ್ವಯಿಸುತ್ತದೆ. ತಿಂಗಳ ಬಾಡಿಗೆಯ ಅಂಗಡಿಗೆ ಹದಿನೈದು ದಿನಗಳ ನೋಟೀಸು ಸಾಕು. ಯಾಕೆ ಬೇಕು ಎಂದು ಹೇಳಬೇಕಾಗಿಯೂ ಇಲ್ಲ.

ನಮ್ಮ ಮೂಲೆಯ ದರ್ಜಿ ಅಂಗಡಿ ಹತ್ತಕ್ಕೆ ಹನ್ನೆರಡು ಅಡಿ, 14 ಮೀಟರಿನೊಳಗೆ. ಅಂಥದ್ದು ಬಾಡಿಗೆ ಕಾಯ್ದೆಯೊಳಗೆ ಬರಬಹುದು. ಅದಕ್ಕೆ ಬಾಡಿಗೆಯ ಮಿತಿಯೂ ಇದೆ, ಊರುಗಳ ಪಟ್ಟಿಯೂ ಇದೆ. ಆದರೆ ಆ ಕಾಯ್ದೆಯಲ್ಲೇ ವಿಧವೆಯರು, ಅಂಗವಿಕಲರು, ಹಿರಿಯ ನಾಗರಿಕರು ತಮ್ಮ ಅಥವಾ ಕುಟುಂಬದ ಉಪಯೋಗಕ್ಕೆ ಬೇಗನೆ ಬಿಡಿಸಿಕೊಳ್ಳಲು ಪ್ರತ್ಯೇಕ ಅವಕಾಶವಿದೆ. ಎಷ್ಟು ಸಹೋದರಿಯರಿಗೆ ಇದು ಗೊತ್ತು?

ನೋಟೀಸು ಕಳುಹಿಸುವಾಗ ಇನ್ನೊಂದು ವಿಷಯ ಎದ್ದಿತು. ಪತಿ ತೀರಿಕೊಂಡ ಕ್ಷಣದಿಂದ ಆ ಅಂಗಡಿಗಳಲ್ಲಿ ನನಗೆ ಎಂಟನೆಯ ಒಂದು ಪಾಲು, ಉಳಿದದ್ದು ಮಕ್ಕಳದು, ಹೆಣ್ಣುಮಕ್ಕಳದೂ ಸೇರಿ. ಸಹಮಾಲೀಕರಲ್ಲಿ ಉಳಿದವರ ವಿರೋಧವಿಲ್ಲದಿದ್ದರೆ ಒಬ್ಬರೇ ದಾವೆ ಹೂಡಬಹುದು ಎಂದು ಸುಪ್ರೀಂ ಕೋರ್ಟು 1976ರಲ್ಲೇ ಹೇಳಿದೆ. ಆದರೂ ನಾವು ಎಲ್ಲರ ಹೆಸರಿನಲ್ಲೇ ನೋಟೀಸು ಕೊಟ್ಟೆವು. ಬಾಡಿಗೆಯ ಹಣ ಹಿರಿಯ ಮಗನ ಕೈಯಲ್ಲೇ ಕರಗಿಹೋಗುವ ಮನೆಗಳಲ್ಲಿ ಇಂಥ ನೋಟೀಸಿನ ಮೇಲಾದರೂ ಹೆಣ್ಣುಮಕ್ಕಳ ಹೆಸರು ಬರುವುದು ಒಳ್ಳೆಯದೇ.

ನೋಟೀಸನ್ನು ತಲುಪಿದ್ದಕ್ಕೆ ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ. 'ತೆಗೆದುಕೊಳ್ಳಲು ನಿರಾಕರಿಸಿದ್ದಾರೆ' ಎಂಬ ಷರಾ ಹೊತ್ತು ಲಕೋಟೆ ಹಿಂದಿರುಗಿದರೆ ಒಡೆಯದೆ ಹಾಗೆಯೇ ಇಟ್ಟುಕೊಳ್ಳಿ, ಅದೇ ಸಾಕ್ಷಿ. ಆಮೇಲೂ ಅವರು ಹಣ ಕೊಡಲು ಬಂದರೆ ರಶೀದಿಯಲ್ಲಿ 'ಬಾಡಿಗೆ' ಎಂದು ಬರೆಯದೆ, ನೋಟೀಸಿಗೆ ಬಾಧಕವಿಲ್ಲದಂತೆ ಉಪಯೋಗದ ಬಾಬ್ತು ಎಂದು ಬರೆಯಿರಿ. ಬಾಡಿಗೆ ಪಡೆದ ಮಾತ್ರಕ್ಕೆ ನೋಟೀಸು ಬಿದ್ದುಹೋಗುವುದಿಲ್ಲವೆಂಬ ತೀರ್ಪಿದೆ. ಆದರೂ ಎದುರು ವಕೀಲರಿಗೆ ಒಂದು ವಾದವನ್ನು ಉಚಿತವಾಗಿ ಏಕೆ ಕೊಡಬೇಕು?

2013ರಲ್ಲಿ ದಾವೆ ಹೂಡಿದೆವು. ಕೋರ್ಟು ಶುಲ್ಕ ಅಂಗಡಿಯ ಬೆಲೆಯ ಮೇಲಲ್ಲ, ಒಂದು ವರ್ಷದ ಬಾಡಿಗೆಯ ಮೇಲೆ, ಹಾಗಾಗಿ ಅದು ಭಾರವಾಗಲಿಲ್ಲ. ಭಾರವಾದದ್ದು ಕಾಯುವುದು. ಮೂರು ವರ್ಷ ತಾರೀಕುಗಳು ಬಂದವು, ಹೋದವು. ಮಗಳು ಬೇರೆಯವರ ಆಸ್ಪತ್ರೆಯಲ್ಲಿ ದುಡಿದಳು. 2016ರಲ್ಲಿ ತೀರ್ಪು ನಮ್ಮ ಕಡೆಗಾಯಿತು, ಅವರು ಅಪೀಲು ಹೋದರು.

ಇಲ್ಲೇ ದೆಹಲಿಯ ಒಂದು ಮೊಕದ್ದಮೆ ನಮಗೆ ಕೈಕೊಟ್ಟು ಎತ್ತಿತು. ಕನಾಟ್ ಸರ್ಕಸ್‌ನಲ್ಲಿ 1944ರಿಂದ ಬಾಡಿಗೆಗಿದ್ದ ಜಾಗಕ್ಕೆ ತಿಂಗಳಿಗೆ 371 ರೂಪಾಯಿ 90 ಪೈಸೆ ಬಾಡಿಗೆ. ತೆರವು ಆದೇಶಕ್ಕೆ ತಡೆ ಬೇಕಿದ್ದರೆ ತಿಂಗಳಿಗೆ 15,000 ಠೇವಣಿ ಇಡಬೇಕೆಂಬ ಷರತ್ತನ್ನು 2004ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ತೆರವಿನ ಆದೇಶವಾದ ಮೇಲೂ ಹಳೆಯ ಬಾಡಿಗೆಯಲ್ಲೇ ಕೂತಿರಲಾಗದು ಎಂಬುದು ಅದರ ತಾತ್ಪರ್ಯ. ನಮ್ಮ ವಕೀಲರು ಅದನ್ನೇ ಮುಂದಿಟ್ಟರು. ತಿಂಗಳಿಗೆ 7,000 ಠೇವಣಿ ಇಡಲು ಆದೇಶವಾಯಿತು. ನಾಲ್ಕನೆಯ ತಿಂಗಳು ವ್ಯಾಪಾರಿ ಮಾತುಕತೆಗೆ ಬಂದರು.

ಅವರು ಕೆಟ್ಟವರಲ್ಲ. ಆ ರಸ್ತೆಯ ಗಿರಾಕಿಗಳನ್ನು ನಂಬಿ ಬದುಕಿದವರು. ನಾಲ್ಕು ಕಡೆ ಸಾಲ ಕೊಟ್ಟಿದ್ದರು, ಅಂಗಡಿ ಮುಚ್ಚಿದರೆ ಅದು ಬಾರದು. ಎಂಟು ತಿಂಗಳ ಅವಧಿ ಕೇಳಿದರು, ಕೊಟ್ಟೆವು. ಮುಂಗಡ ಪೂರ್ತಿ ಹಿಂದಿರುಗಿಸಿದೆವು. ಅವರು ಕೇಳಿದ್ದ ಲಕ್ಷಗಳ ಮಾತನ್ನು ಅವರೇ ಎತ್ತಲಿಲ್ಲ. ಆದರೆ ಇದನ್ನು ಬಾಯಿಮಾತಿನಲ್ಲಿ ಬಿಡದೆ ಕೋರ್ಟಿನಲ್ಲೇ ರಾಜಿಯಾಗಿ ಬರೆಸಿದೆವು. ಹಾಗೆ ಬರೆಸಿದರೆ ಮಾತು ತಪ್ಪಿದಾಗ ಹೊಸ ದಾವೆ ಹೂಡಬೇಕಾಗಿಲ್ಲ, ಅದೇ ಡಿಕ್ರಿಯನ್ನು ಜಾರಿ ಮಾಡಿಸಬಹುದು.

2017ರ ಕೊನೆಯಲ್ಲಿ ಅವರು ಕೀಲಿ ತಂದುಕೊಟ್ಟರು. ಹೊಸ ಅಂಗಡಿಯ ವಿಳಾಸದ ಬೋರ್ಡನ್ನು ನಮ್ಮ ಗೋಡೆಗೆ ಎರಡು ತಿಂಗಳು ತೂಗುಹಾಕಲು ಅನುಮತಿ ಕೇಳಿದರು. ಅದು ಆರು ತಿಂಗಳು ಅಲ್ಲಿಯೇ ಇತ್ತು, ಮಗಳ ಕ್ಲಿನಿಕ್ಕಿನ ಬೋರ್ಡಿನ ಪಕ್ಕದಲ್ಲೇ.