ಮೊಮ್ಮಗನ ಮೊಣಕಾಲು, ತಾತನ ಹೃದಯ

ಪ್ಲೇಟ್‌ಲೆಟ್ ಎಂಬ ಪದ ಈಗ ಮನೆಮಾತು. ಮಳೆಗಾಲದಲ್ಲಿ ಯಾರಿಗಾದರೂ ಡೆಂಗಿ ಬಂತೆಂದರೆ ಸಾಕು, ತರಕಾರಿ ಗಾಡಿಯ ಮುಂದೆಯೂ ‘ಕೌಂಟ್ ಎಷ್ಟಿದೆಯಂತೆ?’ ಎಂಬ ವಿಚಾರಣೆ. ಆದರೆ ಆ ಕಣ ಮಾಡುವ ಕೆಲಸವೇನು ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನಗೂ ಅದು ತಿಳಿದದ್ದು ಎಪ್ಪತ್ತು ದಾಟಿದ ಮೇಲೆ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಾಗ.

ಲೆಕ್ಕದಿಂದಲೇ ಶುರು ಮಾಡುತ್ತೇನೆ, ಅದು ಹಳೆಯ ಅಭ್ಯಾಸ. ಒಂದು ಮಿಲಿಲೀಟರ್ ರಕ್ತವನ್ನು ಸಾವಿರ ಪಾಲು ಮಾಡಿದರೆ ಒಂದೊಂದು ಪಾಲಿನಲ್ಲೂ ಸುಮಾರು 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಒಂದೊಂದರ ಆಯುಸ್ಸು 7ರಿಂದ 10 ದಿನ. ಹಾಗಾಗಿ ಮೂಳೆಯೊಳಗಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ಹೊಸ ಪ್ಲೇಟ್‌ಲೆಟ್‌ಗಳನ್ನು ತಯಾರಿಸುತ್ತಲೇ ಇರುತ್ತದೆ. ಭಾನುವಾರದ ರಜೆಯೂ ಇಲ್ಲ.

ರಕ್ತನಾಳದ ಒಳಮೈ ನುಣುಪು. ಅದು ಸರಿಯಾಗಿರುವಷ್ಟು ಕಾಲ ಪ್ಲೇಟ್‌ಲೆಟ್‌ಗಳು ಎಲ್ಲೂ ನಿಲ್ಲದೆ ಹರಿದುಹೋಗುತ್ತವೆ. ನನ್ನ ಮೊಮ್ಮಗ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡನೆನ್ನಿ. ಆಗ ನಾಳದ ಒಳಪದರ ಹರಿದು, ಅದರ ಕೆಳಗಿರುವ ಕೊಲಾಜೆನ್ ಎಂಬ ನಾರು ಹೊರಬೀಳುತ್ತದೆ. ರಕ್ತದಲ್ಲಿರುವ ಒಂದು ಅಂಟು ಪ್ರೋಟೀನು ಆ ನಾರಿಗೆ ಹತ್ತಿಕೊಂಡು, ಹಾದುಹೋಗುವ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ನಿಂತ ಪ್ಲೇಟ್‌ಲೆಟ್ ಬಿಲ್ಲೆಯಂತಿದ್ದ ರೂಪ ಬಿಟ್ಟು, ಕೈಕಾಲು ಚಾಚಿದಂತೆ ಹರಡಿಕೊಳ್ಳುತ್ತದೆ. ಜೊತೆಗೆ ಕೆಲವು ರಾಸಾಯನಿಕಗಳನ್ನು ಬಿಟ್ಟು ಉಳಿದವನ್ನೂ ಕರೆಯುತ್ತದೆ. ಅವೆಲ್ಲ ಒಂದಕ್ಕೊಂದು ಅಂಟಿ ತೂತು ಮುಚ್ಚುತ್ತವೆ. ಆಮೇಲೆ ಫೈಬ್ರಿನ್ ಎಂಬ ಎಳೆಗಳು ಅದರ ಮೇಲೆ ಬಲೆ ಹೆಣೆದು ಭದ್ರಪಡಿಸುತ್ತವೆ.

ಆ ಅಂಟು ಪ್ರೋಟೀನಿಗೆ ಫಿನ್ಲೆಂಡಿನ ವೈದ್ಯ ಎರಿಕ್ ಫಾನ್ ವಿಲೆಬ್ರಾಂಡ್ ಅವರ ಹೆಸರಿದೆ. ಓಲಾಂಡ್ ದ್ವೀಪಗಳ ಐದು ವರ್ಷದ ಹುಡುಗಿಯೊಬ್ಬಳಿಗೆ ರಕ್ತ ಸುರಿದರೆ ನಿಲ್ಲುತ್ತಿರಲಿಲ್ಲ. ಆಕೆಯ ಮನೆತನದ ಹಲವರಿಗೂ ಅದೇ ಕಾಯಿಲೆ. ಪರೀಕ್ಷಿಸಿದರೆ ಪ್ಲೇಟ್‌ಲೆಟ್ ಸಂಖ್ಯೆಯಲ್ಲಿ ಕೊರತೆ ಇರಲಿಲ್ಲ! 1926ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಆ ಅಂಟಿನದೇ ಕೊರತೆ ಎಂಬುದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಹುಡುಗಿ ಹದಿಮೂರನೆಯ ವಯಸ್ಸಿಗೇ ತೀರಿಕೊಂಡಳು. ಕೌಂಟ್ ಒಂದೇ ಸಾಲದು, ಅಂಟುವ ಶಕ್ತಿಯೂ ಬೇಕು.

ಇನ್ನು ನನ್ನ ಹೃದಯದ ವಿಚಾರ. ವಯಸ್ಸಾದಂತೆ ನಾಳದ ಗೋಡೆಯೊಳಗೆ ಕೊಬ್ಬು ಸೇರಿ ಗಂಟಾಗುತ್ತದೆ. ಒಂದು ದಿನ ಆ ಗಂಟಿನ ಮೇಲಿನ ಪದರ ಬಿರಿಯುತ್ತದೆ. ಪ್ಲೇಟ್‌ಲೆಟ್‌ಗೆ ತಿಳಿಯುವುದು ಒಂದೇ: ಗೋಡೆ ಒಡೆದಿದೆ, ಮುಚ್ಚಬೇಕು. ಅದು ಮೊಣಕಾಲೋ ಹೃದಯವೋ ಎಂಬ ವಿವೇಚನೆ ಅದಕ್ಕಿಲ್ಲ. ಮೊಣಕಾಲಿನಲ್ಲಿ ಪ್ರಾಣ ಉಳಿಸುವ ಅದೇ ಹೆಪ್ಪು, ಮೂರು ನಾಲ್ಕು ಮಿಲಿಮೀಟರ್ ಅಗಲದ ಹೃದಯದ ನಾಳದಲ್ಲಿ ರಕ್ತಕ್ಕೆ ದಾರಿ ಕಟ್ಟುತ್ತದೆ. ಅದೇ ಹೃದಯಾಘಾತ.

ಸ್ಟೆಂಟಿನ ಲೋಹಕ್ಕೂ ಪ್ಲೇಟ್‌ಲೆಟ್ ಅಂಟಬಹುದು. ಅದಕ್ಕೇ ನನಗೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಎಂಬ ಎರಡು ಮಾತ್ರೆ. ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಉಳಿದವನ್ನು ಕರೆಯುವ ಒಂದು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದಕ್ಕೆ ಕೋಶಕೇಂದ್ರವಿಲ್ಲದ ಕಾರಣ ಆ ಶಕ್ತಿಯನ್ನು ಮತ್ತೆ ತುಂಬಿಕೊಳ್ಳಲಾರದು. ಆದರೆ ಮಜ್ಜೆ ದಿನವೂ ಹೊಸದನ್ನು ಕಳಿಸುತ್ತದೆಯಲ್ಲ, ಹಾಗಾಗಿ ಮಾತ್ರೆಯೂ ದಿನವೂ ಬೇಕು.

ಹೋದ ವರ್ಷ ಹಲ್ಲು ಕೀಳಿಸಬೇಕಾಯಿತು. ‘ರಕ್ತ ನಿಲ್ಲುವುದಿಲ್ಲ, ಒಂದು ವಾರ ಮಾತ್ರೆ ಬಿಡಿ’ ಎಂದು ಹಿತೈಷಿಗಳೆಲ್ಲ ಹೇಳಿದರು. ನನಗೆ ಭಯ. ನನ್ನೊಡನೆ ಕೆಲಸ ಮಾಡಿದ ಒಬ್ಬರು ಹೀಗೇ ಯಾರನ್ನೂ ಕೇಳದೆ ಬಿಟ್ಟಿದ್ದರು. ಅವರ ಸ್ಟೆಂಟ್ ಮುಚ್ಚಿಕೊಂಡಿತು. ಈಗ ಅವರ ಪಿಂಚಣಿ ಹೆಂಡತಿಯ ಖಾತೆಗೆ ಬರುತ್ತಿದೆ. ಹೃದಯದ ಡಾಕ್ಟರನ್ನು ಕೇಳಿದೆ. ‘ಬಿಡಬೇಡಿ, ದಂತವೈದ್ಯರಿಗೆ ಮೊದಲೇ ತಿಳಿಸಿ’ ಎಂದರು. ಹಾಗೇ ಮಾಡಿದೆ. ಹತ್ತಿ ಕಚ್ಚಿಕೊಂಡು ಕೂತ ನನ್ನೆದುರು ಮೊಮ್ಮಗ ಗಡಿಯಾರ ನೋಡುತ್ತಿದ್ದ. ‘ಇನ್ನೂ ಹತ್ತು ನಿಮಿಷ ಇದೆ ತಾತ, ಬಾಯಿ ತೆಗೀಬೇಡಿ!’ ತುಸು ತಡವಾದರೂ ರಕ್ತ ನಿಂತಿತು.

ಮನೆಯಲ್ಲಿ ಹಿರಿಯರ ಮಾತ್ರೆ ಡಬ್ಬಿ ಇರುವವರಿಗೆ ಇನ್ನೊಂದು ಮಾತು. ನನ್ನನ್ನು ಕಾಯುವ ಆಸ್ಪಿರಿನ್ ಮಕ್ಕಳ ಜ್ವರಕ್ಕಲ್ಲ. ಡೆಂಗಿಯಾಗಿದ್ದರೆ ಮೊದಲೇ ಕಡಿಮೆಯಾದ ಪ್ಲೇಟ್‌ಲೆಟ್‌ಗಳ ಕೈಯನ್ನೂ ಅದು ಕಟ್ಟಿಹಾಕುತ್ತದೆ. ಒಂದೇ ಸೂರಿನಡಿ ಅಂಟಬೇಕಾದ ರಕ್ತವೂ ಇದೆ, ಅಂಟಬಾರದ ರಕ್ತವೂ ಇದೆ. ನಮ್ಮ ಮನೆಯಲ್ಲಿ ನನ್ನ ಡಬ್ಬಿ ಈಗ ಬೀರುವಿನ ಮೇಲಿನ ಅರೆಯಲ್ಲಿದೆ.