ಚೆರ್ರಿಯ ಪೂರ್ವಾಶ್ರಮ

ಗೋಕರ್ಣದಿಂದ ಕುಡ್ಲೆ ಕಡಲತೀರಕ್ಕೆ ಇಳಿಯುವ ದಾರಿಯ ಹಣ್ಣಿನಂಗಡಿಯಲ್ಲಿ ಬೆಳ್‌ಬೆಳಿಗ್ಗೆಯೇ ಮಿಕ್ಸಿ ಗುರ್ರೆನ್ನುತ್ತಿತ್ತು. ತಗಡಿನ ಮಾಡು, ಐಸಿನ ಥರ್ಮಾಕೋಲ್ ಪೆಟ್ಟಿಗೆ, ಮುಂದೆ ಸಾಲಾಗಿ ಕಿವಿ, ಡ್ರಾಗನ್, ಅನಾನಸು. ಬೆನ್ನಿಗೆ ಚೀಲ ಹೊತ್ತ ಪ್ರವಾಸಿಗರಿಬ್ಬರ ಕೈಗೆ ಉದ್ದನೆಯ ಲೋಟ ಬಂತು: ತಳದಲ್ಲಿ ಕಲ್ಲಂಗಡಿ, ನಡುವೆ ಪಪ್ಪಾಯಿ, ಮೇಲೆ ಬಾಳೆಹಣ್ಣಿನ ನೊರೆ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ನೊರೆಯ ತುದಿಯಲ್ಲೊಂದು ಚೆರ್ರಿ, ಕುಂಕುಮದ ಭರಣಿಯಲ್ಲಿ ಬಿದ್ದು ಎದ್ದಂತೆ, ಗತ್ತಿನಿಂದ ಕೂತಿತ್ತು. ಊರಿನ ಹಣ್ಣು ಬಲ್ಲವರ ಮೈ ಉರಿಯಲು ಅಷ್ಟು ಸಾಕು.

ಸಕ್ಕರೆ ಜಾಸ್ತಿ, ಐಸು ಯಾವ ನೀರಿನದೋ, ಪ್ರವಾಸಿಗೊಂದು ದರ ಊರವರಿಗೊಂದು ದರ. ಇವೆಲ್ಲ ಹಳೇ ದೂರುಗಳು, ಇರಲಿ. ಮಿಕ್ಸಿಯನ್ನು ಬೈದೂ ಪ್ರಯೋಜನವಿಲ್ಲ. 1922ರಲ್ಲಿ ಅಮೆರಿಕದ ಸ್ಟೀಫನ್ ಪೊಪ್ಲಾವ್ಸ್ಕಿ ಅದರ ಮೂಲರೂಪವನ್ನು ಮಾಡಿದ್ದೇ ಸೋಡಾ ಅಂಗಡಿಗಳ ಮಾಲ್ಟ್ ಹಾಲಿಗಾಗಿ. ಪ್ರಶ್ನೆ ಇರುವುದು ಆ ಚೆರ್ರಿಯದು.

ನಮ್ಮ ಬೇಕರಿ, ಐಸ್‌ಕ್ರೀಮ್ ಅಂಗಡಿಗಳಲ್ಲಿ ಚೆರ್ರಿ ಎಂದು ಮೆರೆಯುವುದು ಹೆಚ್ಚಾಗಿ ಕವಳಿಕಾಯಿ. ಬೀಜ ತೆಗೆದು, ಕೆಂಪು ಬಣ್ಣ ಹಿಡಿಸಿ, ಸಕ್ಕರೆ ಪಾಕದಲ್ಲಿ ನೆನೆಹಾಕಿದರೆ ಅದರ ಪೂರ್ವಾಶ್ರಮ ಯಾರಿಗೂ ಗೊತ್ತಾಗದು. ಜೊತೆಗಾರ ಟೂಟಿ ಫ್ರೂಟಿಯೂ ಹಸಿ ಪಪ್ಪಾಯಿಯ ಅವತಾರವೇ. ಪಪ್ಪಾಯಿಗೆ ಅಂಥ ಹಟವಿಲ್ಲ, ಏನು ಬೇಕಾದರೂ ಆದೀತು. ಕವಳಿ ಹಾಗಲ್ಲ. ಚಿರೆಕಲ್ಲಿನ ಗುಡ್ಡದಲ್ಲಿ ಯಾರೂ ನೆಡದೆ, ನೀರುಣಿಸದೆ ಬೆಳೆಯುವ ಮುಳ್ಳಿನ ಪೊದೆ ಅದು. ಕಿತ್ತರೆ ಬಿಳಿ ಹಾಲು ಸುರಿದು ಬೆರಳು, ತುಟಿ ಎಲ್ಲ ಅಂಟಂಟು. ಬೇಸಿಗೆ ಮುಗಿಯುವ ಹೊತ್ತಿಗೆ ಹಣ್ಣು ಕಪ್ಪಾಗಿ, ಹುಳಿಯ ಬೆನ್ನಿಗೇ ಸಿಹಿ ಕೊಡುತ್ತದೆ. ಗುಡ್ಡ ಹತ್ತುವ ಪ್ರವಾಸಿ ಇಂಥ ಪೊದೆಗೆ ಚಡ್ಡಿ ಸಿಕ್ಕಿಸಿಕೊಂಡು ಶಪಿಸಿ, ಕೆಳಗಿಳಿದು ಅದರದೇ ಕಾಯಿಯನ್ನು ವಿಲಾಯತಿ ಹಣ್ಣೆಂದು ಚಪ್ಪರಿಸುತ್ತಾನೆ!

ವೇಷ ಈ ಊರಿಗೆ ಹೊಸದೇನಲ್ಲ. ಗಣಪತಿ ವಟುವಾಗಿ ಬಂದು ರಾವಣನ ಆತ್ಮಲಿಂಗವನ್ನು ನೆಲಕ್ಕಿಟ್ಟದ್ದು ಇಲ್ಲೇ ಎನ್ನುತ್ತದೆ ಸ್ಥಳಪುರಾಣ. ಆದರೆ ಅವನಿಗೆ ದೇವತೆಗಳ ಕೆಲಸವಿತ್ತು; ಕವಳಿಗೆ ಏನು ಬಂದಿತ್ತು?

ಅಂಗಡಿಯವನನ್ನು ದೂರುವುದೂ ಕಷ್ಟ. ಪ್ರವಾಸಿಗಳ ಸುಗ್ಗಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ. ಕವಳಿ, ಮುರುಗಲು, ಮಾವು ಹಣ್ಣಾಗುವಾಗ ಅವರೆಲ್ಲ ಮನೆ ಸೇರಿರುತ್ತಾರೆ, ಮಳೆಗಾಲಕ್ಕೆ ಮಾಡು ಬಿಚ್ಚುವ ಮಾತು ಶುರುವಾಗಿರುತ್ತದೆ. ಪಕ್ಕದ ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ಸಿಪ್ಪೆ ತೆಳು, ತಿರುಳು ಧಾರಾಳ; ಆದರೆ ಕಿತ್ತ ಮೇಲೆ ಬಹಳ ದಿನ ಕಾಯುವ ಜಾತಿಯಲ್ಲ. ಹಾಗಾಗಿ ಅದು ಊರವರ ಪಾಲಿಗೇ ಉಳಿದು, ಮೇ ತಿಂಗಳಲ್ಲಿ ರಸಾಯನವಾಗಿ ತೆಳ್ಳೇವಿನ ಪಕ್ಕಕ್ಕೆ ಬರುತ್ತದೆ. ಕೈಯಲ್ಲೇ ಕಿವುಚಬೇಕು, ತೆಂಗಿನ ಹಾಲು, ಬೆಲ್ಲ ಸೇರಿಸಬೇಕು. ಇದರಲ್ಲಿ ತಕರಾರಿಲ್ಲ. ಏಲಕ್ಕಿ ಹಾಕಬೇಕೋ ಬೇಡವೋ ಎಂಬಲ್ಲಿ ಮಾತ್ರ ಅತ್ತೆಗೊಂದು ಮತ, ಸೊಸೆಗೊಂದು ಮತ.