ಮಾತು ಕೇಳುವ ಯಂತ್ರ

ವಾರಾಹಿ ನದಿಯ ದಂಡೆಯ ಹಟ್ಟಿಯಂಗಡಿಯಲ್ಲಿ ಹಿರಿಯರೊಬ್ಬರು "ಚಾ ಚೆಲ್ಲಿ ಹೋಯ್ತ್" ಎಂದರೆ ಮೊಮ್ಮಗಳು ಒರೆಸುವ ವಸ್ತ್ರಕ್ಕೆ ಓಡುತ್ತಾಳೆ. ಆ ಮಾತಿನಲ್ಲಿ ಆಜ್ಞೆಯೇ ಇಲ್ಲ, ಆದರೂ ಕೆಲಸವಿದೆ. ಯಂತ್ರಮಾನವನಿಗೆ ದುಸ್ತರವಾದುದು ಇದೇ.

ಈ ತಿಳಿವನ್ನು ಯಂತ್ರಕ್ಕೆ ಕೊಡುವ ಯತ್ನ ಹಳೆಯದು. 1970ರ ಸುಮಾರಿಗೆ ಅಮೆರಿಕದ ಟೆರಿ ವಿನೋಗ್ರಾಡ್ ರಚಿಸಿದ ಶರ್ಡ್‌ಲು, ಬೆರಳಚ್ಚಿಸಿದ ಆಜ್ಞೆಯನ್ನು ಅರಿತು ಗಣಕದೊಳಗಿನ ಚಿತ್ರದ ಇಟ್ಟಿಗೆಗಳನ್ನು ಸರಿಸುತ್ತಿತ್ತು; ಅದರ ಜಗತ್ತು ಅಷ್ಟೇ. 2022ರಲ್ಲಿ ಗೂಗಲ್ ಸಂಶೋಧಕರು ಪ್ರಕಟಿಸಿದ ಸೇಕ್ಯಾನ್ ವಿಧಾನದಲ್ಲಿ ಎರಡು ತೂಕಗಳಿವೆ. ಯಾವ ಹೆಜ್ಜೆ ಆ ಮಾತಿಗೆ ಉಪಯುಕ್ತವೆಂದು ಭಾಷಾಮಾದರಿ ಅಂದಾಜಿಸುತ್ತದೆ; ಆ ಹೆಜ್ಜೆ ಈ ಸ್ಥಳದಲ್ಲಿ ಕೈಗೂಡೀತೇ ಎಂಬುದನ್ನು ಯಂತ್ರದ ಪೂರ್ವಾಭ್ಯಾಸ ಹೇಳುತ್ತದೆ. ಎರಡನ್ನೂ ಗುಣಿಸಿದಾಗ ಮಿಗಿಲಾದುದೇ ಕಾರ್ಯವಾಗುತ್ತದೆ. ಕೈಯಲ್ಲಿ ವಸ್ತ್ರವಿಲ್ಲದಾಗ "ಒರೆಸು" ಎಂಬುದು ಹಿಂದುಳಿದು "ವಸ್ತ್ರ ಹುಡುಕು" ಎಂಬುದು ಮುಂದಾಗುತ್ತದೆ. ಇದನ್ನು ವಿವೇಕವೆನ್ನಲು ಸಂಕೋಚವಾದೀತು, ಮೌಢ್ಯವೆನ್ನುವಂತೆಯೂ ಇಲ್ಲ.

ಆದರೆ ಇದಕ್ಕೆಲ್ಲ ಮೊದಲು ಧ್ವನಿ ಅಕ್ಷರವಾಗಬೇಕು. ಪುಸ್ತಕದ ಕನ್ನಡವನ್ನಷ್ಟೇ ಕಲಿತ ಯಂತ್ರಕ್ಕೆ "ಹೋಯ್ಕ್" ಎಂದರೆ ಹೋಗಬೇಕು, "ಹೋಪುಕಾಗ" ಎಂದರೆ ಹೋಗಬಾರದು ಎಂದು ತಿಳಿಯುವುದೆಂತು? ನಡೆದಾಡುವ ಯಂತ್ರ ಇಲ್ಲಿ ಎಡವಿದರೆ ಅನರ್ಥವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜತೆಗೂಡಿ 2022ರಲ್ಲಿ ಕೈಗೊಂಡ 'ವಾಣಿ' ಯೋಜನೆ ಜಿಲ್ಲೆಜಿಲ್ಲೆಗಳ ಆಡುಮಾತನ್ನು ಧ್ವನಿಮುದ್ರಿಸುವಂಥದು. ಅಂಥ ಸಂಗ್ರಹಗಳಲ್ಲಿ ಕುಂದಾಪುರದ ಹಿರಿಯರ ಧ್ವನಿ ಎಷ್ಟು ಸೇರೀತೋ ಅಷ್ಟರಮಟ್ಟಿಗೇ ಯಂತ್ರ ಹಟ್ಟಿಯಂಗಡಿಯ ಮಾತು ಕೇಳೀತು.